ಗಂಗಮ್ಮನ ಕೈಗುಣ

ಬೋರಯ್ಯನವರ ಬಾಯಿಗೆ ಆ ಗಂಜಿ ಹಾಕಿದವಳು ನಾನು. ಗಂಗಮ್ಮ ಅಲ್ಲ. ಬಟ್ಟಲು ನನ್ನ ಕೈಯಲ್ಲಿತ್ತು, ಚಮಚ ನನ್ನ ಕೈಯಲ್ಲಿತ್ತು, ಎದುರಿಗೆ ಒಂಬತ್ತು ಜನ ಹೆಂಗಸರು ನಿಂತು ನೋಡುತ್ತಿದ್ದರು. ನಾಲ್ಕನೇ ದಿನ ಅವರು ತೀರಿಕೊಂಡರು. ಐದನೇ ದಿನ ನಾನು ಕೂತು, ಗುಂಡು ಗುಂಡಾದ ಅಕ್ಷರದಲ್ಲಿ, ತಪ್ಪು ಗಂಗಮ್ಮನದು ಅಂತ ಬರೆದುಕೊಟ್ಟೆ.

ಇಷ್ಟನ್ನು ಬಾಯಿಬಿಟ್ಟು ಹೇಳೋಕೆ ನನಗೆ ಹತ್ತು ವರ್ಷ ಬೇಕಾಯಿತು. ನಡುವೆ ಹೇಳಬಹುದಾಗಿದ್ದ ದಿನ ಒಂದಿತ್ತು — ಒಂದೇ ಒಂದು ದಿನ — ಅವತ್ತು ಹೇಳಿದ್ದರೆ ಒಂದು ಜೀವವಾದರೂ ಉಳಿಯುತ್ತಿತ್ತೇನೋ. ಅವತ್ತೂ ಹೇಳಲಿಲ್ಲ. ಅದನ್ನೂ ಬರೆಯುತ್ತೇನೆ. ನನ್ನ ಮೇಲೆ ಕನಿಕರ ಬರುವ ಹಾಗೆ ಬರೆದೆ ಅನ್ನಿಸಿದರೆ, ಆ ಸಾಲನ್ನು ನೀವು ನಂಬಬೇಡಿ.

ನಾನು ನರ್ಸು. ತುಮಕೂರಿನಲ್ಲೇ ಹುಟ್ಟಿ ಬೆಳೆದವಳು, ಮುದ್ದೆಯಲ್ಲ, ಅನ್ನ ಉಣ್ಣುವ ಮನೆಯವಳು. ಕೆಲವು ವರ್ಷ ಆಸ್ಪತ್ರೆಯಲ್ಲಿ ದುಡಿದ ಮೇಲೆ, ಎಪ್ಪತ್ತರ ದಶಕದ ಕೊನೆಗೆ, ಶಿರಾ ಗೇಟಿನಿಂದ ಸ್ವಲ್ಪ ಆಚೆಗಿದ್ದ ಒಂದು ಆರೈಕೆ ಮನೆಗೆ ಸೇರಿದೆ. ಹೆಸರು ಬೇಡ, ಈಗ ಅದು ಮುಚ್ಚಿಹೋಗಿದೆ. ಲಕ್ವ ಹೊಡೆದು ಮಲಗಿದವರು, ಸೊಂಟ ಮುರಿದು ಮೇಲೇಳಲಾರದವರು, ಇನ್ನು ವಾಸಿಯಾಗುವುದಿಲ್ಲ ಅಂತ ಆಸ್ಪತ್ರೆಯವರು ಕೈಬಿಟ್ಟವರು — ಅಂಥವರಿಗೆ ಅಲ್ಲಿ ಇಪ್ಪತ್ತು ಮಂಚ. ಅವರನ್ನು ನೋಡಿಕೊಳ್ಳುವ ಆಯಾಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ.

ಗುಬ್ಬಿ ಕಡೆಯಿಂದ, ಕುಣಿಗಲ್ ಕಡೆಯಿಂದ ಹೆಂಗಸರು ಬರುತ್ತಿದ್ದರು. ಗಂಡ ಸತ್ತವರು, ಗಂಡ ಬಿಟ್ಟವರು. ಮೂರು ತಿಂಗಳ ತರಬೇತಿ ಮುಗಿದರೆ ನನ್ನ ಸಹಿ ಇರುವ ಒಂದು ಸರ್ಟಿಫಿಕೇಟು. ಅದು ಕೈಗೆ ಬಂದರೆ ಯಾವುದಾದರೂ ನರ್ಸಿಂಗ್ ಹೋಮಿನಲ್ಲಿ ಕೆಲಸ ಗಟ್ಟಿ. ಆದ್ದರಿಂದ ನಾನು ಹಗಲನ್ನು ರಾತ್ರಿ ಅಂದರೂ ಅವರು ಹೂಂ ಅನ್ನುತ್ತಿದ್ದರು. ಅದು ನನಗೆ ಇಷ್ಟವಾಗಿತ್ತು — ಬಹಳ ಇಷ್ಟವಾಗಿತ್ತು.

ಊಟ ಮಾಡಿಸುವ ಪಾಠ ನನ್ನ ಹೆಮ್ಮೆಯ ಪಾಠ. ಮಲಗಿಸಿ ತಿನ್ನಿಸಬೇಡಿ, ಕೂರಿಸಿ. ತಲೆ ಹಿಂದಕ್ಕೆ ಎತ್ತಬೇಡಿ, ಗದ್ದ ಎದೆಯ ಕಡೆಗಿರಲಿ. ಚಿಕ್ಕ ಚಮಚ. ಮೊದಲ ತುತ್ತು ನುಂಗಿದ ಮೇಲೆ ಎರಡನೆಯದು. ಇವೆಲ್ಲ ಸರಿಯಾಗಿಯೇ ಇದ್ದವು, ಈಗಲೂ ಇದನ್ನೇ ಹೇಳುತ್ತೇನೆ. ಆದರೆ ಎಲ್ಲಕ್ಕೂ ಮೇಲೆ, ಕಪ್ಪುಹಲಗೆಯ ನೆತ್ತಿಯಲ್ಲಿ, ಒಂದು ಸಾಲು ಬರೆದು ಅದನ್ನು ಯಾರೂ ಒರೆಸದ ಹಾಗೆ ನೋಡಿಕೊಳ್ಳುತ್ತಿದ್ದೆ: "ನುಂಗಲಾರದವರಿಗೆ ನೀರಿನಷ್ಟು ತೆಳ್ಳಗೆ." ಗಂಜಿಯನ್ನು ಬಟ್ಟೆಯಲ್ಲಿ ಸೋಸಬೇಕು. ಬಂದವರಿಗೆಲ್ಲ ಮೊದಲ ದಿನವೇ ಅಂಚು ಹೊಲಿದ ಒಂದು ಬಿಳಿ ಮಲ್ ಬಟ್ಟೆ ಕೊಡುತ್ತಿದ್ದೆ, ಸೋಸೋಕೆ. ಅದನ್ನು ಅವರು ದೇವರ ಪ್ರಸಾದದ ಹಾಗೆ ಮಡಿಸಿಟ್ಟುಕೊಳ್ಳುತ್ತಿದ್ದರು.

ಆ ಸಾಲನ್ನು ನನಗೆ ಯಾರೂ ಕಲಿಸಿರಲಿಲ್ಲ. ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಲಕ್ವ ಹೊಡೆದವರ ಗಂಟಲು ಕಟ್ಟಿಕೊಂಡ ಮೋರಿ ಇದ್ದ ಹಾಗೆ, ತೆಳ್ಳಗಿದ್ದರೆ ಇಳಿಯುತ್ತೆ, ಗಟ್ಟಿಯಿದ್ದರೆ ನಿಲ್ಲುತ್ತೆ — ಅಂತ ನಾನೇ ಅಂದುಕೊಂಡಿದ್ದು. ಅಂದುಕೊಂಡದ್ದನ್ನು ಹತ್ತು ಸಲ ಹೇಳಿದೆ, ಆಮೇಲೆ ಅದು ಶಾಸ್ತ್ರವಾಯಿತು.

ಗಂಗಮ್ಮ ಬಂದದ್ದು ಗುಬ್ಬಿಯಿಂದ. ಮೂವತ್ತೈದರ ಆಸುಪಾಸು, ಓದು ಬರಹ ಇಲ್ಲ. ಅವರ ಕೇರಿಯಲ್ಲಿ ಅವಳಿಗೆ ಹೆಸರಿತ್ತು — ಗಂಗಮ್ಮನ ಕೈಗುಣ ಒಳ್ಳೇದು ಅಂತ. ಹಾಲು ಕುಡಿಯದೆ ಹಟ ಮಾಡುವ ಕೂಸಿಗೆ, ಅನ್ನ ಬಿಟ್ಟ ಮುದುಕರಿಗೆ, ಒಂದು ತುತ್ತು ಗಂಗಮ್ಮನ ಕೈಯಿಂದ ಬಿದ್ದರೆ ಸಾಕು, ಇಳಿಯುತ್ತೆ ಅಂತ ಜನ ಕರೆದುಕೊಂಡು ಹೋಗುತ್ತಿದ್ದರಂತೆ. ಇದನ್ನು ಅವಳ ಜೊತೆ ಬಂದವಳು ಹೇಳಿದಾಗ ನಾನು ನಕ್ಕೆ. "ಇಲ್ಲಿ ಕೈಗುಣ ನಡೆಯಲ್ಲ ಕಣಮ್ಮ, ಇಲ್ಲಿ ಟ್ರೈನಿಂಗು," ಅಂದೆ. ಗಂಗಮ್ಮನೂ ನಕ್ಕಳು. ಅವಳಿಗೆ ನನ್ನ ಮೇಲೆ ಬಹಳ ಗೌರವ.

ಅವಳ ಪಾಲಿಗೆ ಬಂದವರು ಬೋರಯ್ಯನವರು. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಜೀವಮಾನವಿಡೀ ಕುದುರೆ ತಿಕ್ಕಿದ ಮನುಷ್ಯ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಖುಷಿಯಾದರೆ ಮಾತ್ರ ಬಾಯಿಯ ಒಂದು ಕಡೆಯಿಂದ, ಕುದುರೆಯನ್ನು ಕರೆಯುವ ಹಾಗೆ, ಟಕ್ ಟಕ್ ಅಂತ ನಾಲಿಗೆ ಸದ್ದು ಮಾಡುತ್ತಿದ್ದರು. ನಮ್ಮ ಸೋಸಿದ ಗಂಜಿಗೆ ಅವರು ಒಂದು ದಿನವೂ ಆ ಸದ್ದು ಮಾಡಿದವರಲ್ಲ. ಪ್ರತಿ ಚಮಚಕ್ಕೂ ಕೆಮ್ಮು, ಕಣ್ಣಲ್ಲಿ ನೀರು, ಆಮೇಲೆ ಗಂಟಲಲ್ಲಿ ಗೊರಗೊರ. ಕಾಯಿಲೆಯವರು ಕೆಮ್ಮದೆ ಇನ್ನೇನು ಮಾಡುತ್ತಾರೆ ಅಂತ ನಾನು.

ಎರಡು ತಿಂಗಳಾದ ಮೇಲೆ ನೋಡುತ್ತೇನೆ — ಬೋರಯ್ಯನವರ ಕೆಮ್ಮು ನಿಂತಿದೆ. ಕೆನ್ನೆ ಸ್ವಲ್ಪ ತುಂಬಿದೆ. ನಾನು ಕ್ಲಾಸಿನಲ್ಲಿ ಹೇಳಿದೆ, ನೋಡಿ, ನಿಯಮದ ಪ್ರಕಾರ ಮಾಡಿದರೆ ಹೀಗಾಗುತ್ತೆ ಅಂತ. ಆ ವಾರವೇ ಒಂದು ಮಧ್ಯಾಹ್ನ ವಾರ್ಡಿಗೆ ಹೋದಾಗ ಟಕ್ ಟಕ್ ಸದ್ದು ಕೇಳಿತು. ಗಂಗಮ್ಮ ಅವರ ಎಡಗಡೆ ಕೂತಿದ್ದಾಳೆ, ಸರಿಯಿರುವ ಕಡೆ. ಬಟ್ಟಲಿನಲ್ಲಿ ರಾಗಿ. ಮುದ್ದೆಗಿಂತ ಸಡಿಲ, ಅಂಬಲಿಗಿಂತ ಗಟ್ಟಿ, ಒಂದು ಗಂಟಿಲ್ಲದೆ ಬೆಣ್ಣೆಯ ಹಾಗೆ ನುಣ್ಣಗೆ ತಿರುವಿ, ಮೇಲೆ ಸೊಪ್ಪಿನ ಸಾರಿನ ತಿಳಿ ಬಿಟ್ಟು ಕಲಸಿದ್ದಾಳೆ. ಚಮಚದ ತುದಿಯಲ್ಲಿ ಸ್ವಲ್ಪ ಎಡಗೆನ್ನೆಯ ಒಳಗಿಟ್ಟು, ಎರಡು ಬೆರಳನ್ನು ಗಂಟಲಿನ ಮೇಲೆ ಮೆಲ್ಲಗೆ ಇಟ್ಟು ಕಾಯುತ್ತಿದ್ದಾಳೆ. ಗಂಟಲು ಗುಳಕ್ ಅಂದ ಮೇಲೆ ಇನ್ನೊಂದು ಚಮಚ. ಕೆಮ್ಮು ಇಲ್ಲ. ನಾನು ಬಾಗಿಲಲ್ಲೇ ನಿಂತು ಇದನ್ನು ಕಣ್ಣಾರೆ ನೋಡಿದೆ. ನೋಡಿರಲಿಲ್ಲ ಅಂತ ಹೇಳುವ ದಾರಿಯೂ ನನಗಿಲ್ಲ.

"ಏನೇ ಇದು ಗಂಗಮ್ಮ? ನಾನು ಹೇಳಿದ್ದೇನು, ನೀನು ಮಾಡ್ತಿರೋದೇನು?" ಅಂದೆ. ಮೂಗಿನ ತುದಿಯಲ್ಲೇ ಕೋಪ ನನಗೆ, ಮೊದಲಿಂದಲೂ.

ಅವಳು ಎದ್ದು ನಿಂತಳು. "ಮುದ್ದೆ ಉಂಡ ಗಂಟ್ಲು ಸಿಸ್ಟರಮ್ಮ ಇದು. ಮುದ್ದೆ ನಾವ್ ಅಗಿಯಲ್ವಲ್ಲ, ನುಂಗ್ತೀವಿ. ನುಂಗೋದ್ ಇವ್ರಿಗಿನ್ನೂ ಮರ್ತಿಲ್ಲ ಕಣಮ್ಮ. ನೀರಾದ್ರೆ ಹೇಳ್ದೆ ಕೇಳ್ದೆ ಒಳೀಕ್ಕೆ ಓಡೋಯ್ತದೆ. ಗಟ್ಟಿಯಾಗಿದ್ರೆ ನಾಲ್ಗೆಗೆ ಗೊತ್ತಾಯ್ತದೆ, ಬಂತು ಅಂತವ."

ಹತ್ತು ವರ್ಷದಿಂದ ಈ ಮಾತು ನನ್ನ ಕಿವಿಯಲ್ಲಿದೆ. ಇದಕ್ಕಿಂತ ಚೆನ್ನಾಗಿ ಹೇಳುವವರನ್ನು ನಾನು ಆಮೇಲೂ ಕಂಡಿಲ್ಲ. ಅವತ್ತು ನನಗೆ ಕೇಳಿಸಿದ್ದು ಒಂದೇ — ಅಕ್ಷರ ಬಾರದ ಆಯಾ ಒಬ್ಬಳು ನನಗೆ ಪಾಠ ಹೇಳುತ್ತಿದ್ದಾಳೆ. ಅದೂ ಉಳಿದವರ ಎದುರಿಗೆ. ಯಾರೋ ಹಿಂದಿನಿಂದ ಕಿಸಕ್ ಅಂದರು. ನಗು ನನ್ನ ಮೇಲೋ ಅವಳ ಮೇಲೋ ಗೊತ್ತಿಲ್ಲ — ನನ್ನ ಮೇಲೆ ಅಂತಲೇ ತಿಳಿದುಕೊಂಡೆ.

ಮಾರನೆಯ ದಿನ ಕ್ಲಾಸನ್ನು ಬೋರಯ್ಯನವರ ಮಂಚದ ಹತ್ತಿರವೇ ಇಟ್ಟೆ. ಒಂಬತ್ತು ಜನರನ್ನೂ ಸಾಲಾಗಿ ನಿಲ್ಲಿಸಿದೆ. ಗಂಗಮ್ಮನನ್ನು ಮುಂದೆ ನಿಲ್ಲಿಸಿದೆ, ಚೆನ್ನಾಗಿ ಕಾಣಲಿ ಅಂತ. ನಾನೇ ಸೋಸಿದ ಗಂಜಿ, ಬಟ್ಟಲು ಅಲುಗಿಸಿದರೆ ನೀರಿನ ಹಾಗೆ ಅಲುಗುವ ಗಂಜಿ. ಮೊದಲ ಚಮಚಕ್ಕೆ ಬೋರಯ್ಯನವರು ಕೆಮ್ಮಿದರು. ಎರಡನೆಯದಕ್ಕೆ ಇನ್ನೂ ಜೋರಾಗಿ. ಮೂರನೆಯದಕ್ಕೆ ಬಾಯಿ ಬಿಗಿ ಹಿಡಿದರು. ಹಿಡಿದು, ನನ್ನನ್ನಲ್ಲ, ಗಂಗಮ್ಮನನ್ನು ನೋಡಿದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಬೇಡ ಅಂದವರಿಗೆ ಬಲವಂತ ಮಾಡಬೇಡಿ ಅಂತ ಪಾಠ ಹೇಳುತ್ತಿದ್ದವಳೂ ನಾನೇ. ಆದರೆ ಆ ನೋಟ — ಅವರು ಅವಳನ್ನು ನೋಡಿದ್ದು — ನನಗೆ ಉರಿಯಿತು. ಗಲ್ಲ ಒತ್ತಿ ಬಾಯಿ ತೆರೆಸಿದೆ. ನಾಲ್ಕು. ಐದು. ಆರನೆಯದನ್ನು ಹಾಕುವಾಗ ಅವರ ತುಟಿ ನೀಲಿಯಾಗಿತ್ತು.

ಗಂಗಮ್ಮ ನನ್ನನ್ನು ತಳ್ಳಿಕೊಂಡು ಬಂದು ಅವರನ್ನು ಮುಂದಕ್ಕೆ ಬಾಗಿಸಿ ಬೆನ್ನು ತಟ್ಟಿದಳು. "ಅಯ್ಯೋ ಬುಡಿ ಸಿಸ್ಟರಮ್ಮ, ಸಾಕ್ ಬುಡಿ," ಅಂತ ಅಳುತ್ತಿದ್ದಳು. ಉಸಿರು ಹೇಗೋ ತಿರುಗಿತು. ನಾನು ಸೆರಗು ಸರಿಮಾಡಿಕೊಂಡು ಹೆಂಗಸರ ಕಡೆ ತಿರುಗಿ ಹೇಳಿದೆ: "ನೋಡಿದಿರಾ? ಗಟ್ಟಿ ತಿನ್ನಿಸಿ ತಿನ್ನಿಸಿ ಗಂಟಲು ಕೆಡಿಸಿದರೆ ಹೀಗಾಗುತ್ತೆ." ಉಳಿದವರು ತಲೆಯಾಡಿಸಿದರು. ಇನ್ನು ಇಪ್ಪತ್ತು ದಿನಕ್ಕೆ ಅವರಿಗೆ ಸರ್ಟಿಫಿಕೇಟು ಬರಬೇಕಿತ್ತು.

ಸಂಜೆಗೆ ಜ್ವರ ಬಂತು. ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ನೋಡಿ ಕಫ ಕಟ್ಟಿದೆ ಅಂದರು, ಇಂಜೆಕ್ಷನ್ ಬರೆದರು. ನಾಲ್ಕನೇ ದಿನ ಬೆಳಿಗ್ಗೆ ಹೋದರು. ಗಂಜಿ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಹೋಗಿತ್ತು. ಆಗ ಅದು ನನಗೆ ತಿಳಿದಿರಲಿಲ್ಲ ಅಂತ ಬರೆಯಲು ಕೈ ಬರುತ್ತಿದೆ — ತಿಳಿದಿರಲಿಲ್ಲ ನಿಜ. ಆದರೆ ಆ ಬಟ್ಟಲು ಯಾರ ಕೈಯಲ್ಲಿತ್ತು ಅನ್ನೋದು ತಿಳಿದಿತ್ತಲ್ಲ.

ಕುಣಿಗಲ್ಲಿನಿಂದ ಅವರ ಅಣ್ಣನ ಮಗ ಬಂದು ಗಲಾಟೆ ಮಾಡಿದ. ಹೋದ ವಾರ ಬಂದಾಗ ಚೆನ್ನಾಗಿದ್ದರು, ಟಕ್ ಟಕ್ ಅಂದಿದ್ದರು, ಈಗ ಏನು ಮಾಡಿದಿರಿ ಅಂತ. ಆರೈಕೆ ಮನೆ ನಡೆಸುತ್ತಿದ್ದ ಸೆಕ್ರೆಟರಿಯವರು ನನ್ನನ್ನು ಕರೆದು, ಏನಾಯಿತೋ ಬರೆದುಕೊಡಿ ಅಂದರು. "ಆಯಾ ಗಂಗಮ್ಮ ಎಂಬುವರು ನಿಯಮ ಮೀರಿ ಗಟ್ಟಿ ಆಹಾರ ತಿನ್ನಿಸುತ್ತಿದ್ದುದರಿಂದ" — ಅಂತ ಶುರುಮಾಡಿದೆ. ಬರೆಯುವಾಗ ನನ್ನ ಕೈ ನಡುಗಲಿಲ್ಲ. ನಡುಗಿತು ಅಂತ ಬರೆದರೆ ನನಗೆ ಸಮಾಧಾನವಾಗುತ್ತೆ, ಅದಕ್ಕೇ ಬರೆಯುವುದಿಲ್ಲ.

ಕೆಳಗೆ ಅವಳ ಹೆಬ್ಬೆಟ್ಟು ಬೇಕಿತ್ತು. ಅವಳು ಬಂದಳು, ಅತ್ತು ಅತ್ತು ಕಣ್ಣು ಊದಿತ್ತು.

"ಏನ್ ಬರ್ದಿದೀರಿ ಸಿಸ್ಟರಮ್ಮ?"

"ನಡೆದದ್ದು ಬರೆದಿದೀನಿ. ಒತ್ತು."

ಒತ್ತಿದಳು. ಆಮೇಲೆ, ಮಸಿ ಅಂಟಿದ ಬೆರಳನ್ನು ಹಾಗೇ ಹಿಡಿದುಕೊಂಡು, ಕೇಳಿದಳು. "ನನ್ ಕೈಯಿಂದ ಆಯ್ತಾ ಸಿಸ್ಟರಮ್ಮ? ನಾನ್ ಕೊಟ್ಟಿದ್ದು ಎದೇಲಿ ಕೂತ್ಕಂಡಿತ್ತಾ?"

ಅವಳು ಜಗಳಕ್ಕೆ ಕೇಳಿದ್ದಲ್ಲ. ತಿಳಿದುಕೊಳ್ಳೋಕೆ ಕೇಳಿದಳು. ಓದಿದವಳು ನಾನು, ನನಗೆ ಗೊತ್ತಿರುತ್ತೆ ಅಂತ ಕೇಳಿದಳು. ನಾನು ಹೇಳಿದೆ: "ಹೂಂ ಗಂಗಮ್ಮ. ನಿನ್ನ ಕೈಯಿಂದಾನೇ ಆಯ್ತು."

ಆಯಿತು. ಪೇಪರಿನಲ್ಲಿ ಬರೆದದ್ದು ಅವಳ ಕೆಲಸ ಕಳೆಯಿತು, ಅಷ್ಟೇ. ಈ ಮಾತು — ಇದು ಅವಳ ಕೈಯನ್ನೇ ಕಿತ್ತುಕೊಂಡಿತು. ಗುಬ್ಬಿಗೆ ವಾಪಸು ಹೋದಳು. ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು.

ಆಮೇಲೆ ನಾನು ಚೆನ್ನಾಗಿಯೇ ಇದ್ದೆ. ಉಂಡೆ, ಮಲಗಿದೆ, ಕ್ಲಾಸು ಮಾಡಿದೆ. ಆರೈಕೆ ಮನೆ ಮುಚ್ಚಿದ ಮೇಲೆ ಇನ್ನೊಂದು ಕಡೆ ಇದೇ ಕೆಲಸಕ್ಕೆ ಕರೆದರು. ವರ್ಷಗಳು ಹೋದವು. ಎರಡು ತಿಂಗಳ ಹಿಂದೆ ಬೆಂಗಳೂರಿನಿಂದ ಒಬ್ಬರು ಲೇಡಿ ಡಾಕ್ಟರು ಬಂದು ನಮ್ಮಂಥವರಿಗೆ ಒಂದು ದಿನದ ತರಬೇತಿ ಕೊಟ್ಟರು. ಲಕ್ವದಿಂದ ನುಂಗುವ ಶಕ್ತಿ ಕುಂದಿದವರಿಗೆ ನೀರಿನಂಥ ಆಹಾರವೇ ಬಹಳ ಜನಕ್ಕೆ ಅಪಾಯ, ಅದು ಸರಕ್ಕನೆ ಶ್ವಾಸನಾಳಕ್ಕೆ ಜಾರುತ್ತೆ, ಗಂಟಿಲ್ಲದೆ ಮಂದವಾಗಿ ಮಾಡಿ ಕೊಡಿ, ಬಲವಿರುವ ಕೆನ್ನೆಯ ಕಡೆ ಇಡಿ, ಗಂಟಲು ಮೇಲೆದ್ದು ಇಳಿಯುವುದನ್ನು ಬೆರಳಿಟ್ಟು ನೋಡಿ ಅಂದರು. ಒಂದೊಂದು ಮಾತೂ ಗಂಗಮ್ಮನದು. ನಾನು ಮುಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಪೆನ್ನು ನಿಂತಿತು.

ಆಗ ಏನು ಮಾಡಿದೆ ಗೊತ್ತೆ? ಮಾರನೆಯ ವಾರ ಹಲಗೆಯ ಮೇಲಿನ ಹಳೆಯ ಸಾಲನ್ನು ಒರೆಸಿ, ರಾಗಿಯನ್ನು ಮಂದವಾಗಿ ತಿರುವುವುದನ್ನು ಕಲಿಸಿದೆ. ಹುಡುಗಿಯೊಬ್ಬಳು, "ಎಲ್ಲಿ ಕಲಿತ್ರಿ ಸಿಸ್ಟರಮ್ಮ ಇದನ್ನ?" ಅಂದಳು. "ಅನುಭವ ಕಣೇ, ಅನುಭವ," ಅಂದೆ. ಕದ್ದದ್ದನ್ನು ಉಟ್ಟುಕೊಂಡು ಮೆರೆಯೋದು ಅಂದರೆ ಇದೇ. ಥೂ.

ಆ ಹುಡುಗಿ ಗುಬ್ಬಿಯವಳು. ಗಂಗಮ್ಮ ಹೇಗಿದ್ದಾಳೆ ಅಂತ ಸುಮ್ಮನೆ ಕೇಳುವ ಹಾಗೆ ಕೇಳಿದೆ. "ಯಾರು, ಆ ಮುದ್ದೆ ಗಂಗಮ್ಮನಾ? ಮುದ್ದೆ ತಿನ್ನಿಸಿ ಯಾರನ್ನೋ ಸಾಯಿಸಿದ್ಲಂತಲ್ಲ. ಕೂಲಿ ಮಾಡ್ಕೊಂಡವ್ಳೆ. ಅವ್ಳ ಕೈಲಿ ಮಕ್ಳಿಗೆ ಒಂದ್ ತುತ್ತೂ ಯಾರೂ ಕೊಡ್ಸಲ್ಲ," ಅಂದಳು. ಅವತ್ತು ನಾನು ಊಟ ಮಾಡಲಿಲ್ಲ. ಎರಡು ದಿನ ಬಿಟ್ಟು ಗುಬ್ಬಿ ಬಸ್ಸು ಹತ್ತಿದೆ, ಎಲ್ಲ ಹೇಳಿಬಿಡುತ್ತೇನೆ ಅಂತ.

ಗಂಗಮ್ಮ ನನ್ನ ಗುರುತು ಹಿಡಿದು ಓಡಿಬಂದಳು. "ಸಿಸ್ಟರಮ್ಮ! ನಮ್ಮನೆಗಾ! ಬನ್ನಿ, ಕೂತ್ಕಳಿ," ಅಂತ ಚಾಪೆ ಹಾಸಿದಳು. ತಲೆ ಬೆಳ್ಳಗಾಗಿತ್ತು. ಒಳಗೆ ಗೋಡೆಗೊರಗಿಸಿ ಅವಳ ಅವ್ವನನ್ನು ಕೂರಿಸಿದ್ದಳು. ಆ ಮುದುಕಿಗೂ ಲಕ್ವ, ಒಂದು ವರ್ಷದಿಂದ. ಊಟದ ಹೊತ್ತು. ಗಂಗಮ್ಮ ಬಟ್ಟಲು ತಂದು ನನಗೆ ತೋರಿಸಿದಳು, ಮಕ್ಕಳು ಸ್ಲೇಟು ತೋರಿಸುವ ಹಾಗೆ. "ನೀವ್ ಹೇಳ್ಕೊಟ್ಟಂಗೇ ಮಾಡ್ತಿದೀನಿ ಸಿಸ್ಟರಮ್ಮ. ನೀವ್ ಕೊಟ್ಟಿದ್ ಬಟ್ಟೇಲೇ ಸೋಸ್ತೀನಿ. ಒಂದ್ ಅಗುಳೂ ಗಟ್ಟಿ ಹೋಗ್ದಂಗೆ."

ನೀರಿನಷ್ಟು ತೆಳ್ಳಗಿತ್ತು. ಪ್ರತಿ ಚಮಚಕ್ಕೂ ಮುದುಕಿ ಕೆಮ್ಮಿದಳು. ಕಣ್ಣಲ್ಲಿ ನೀರು, ಗಂಟಲಲ್ಲಿ ಗೊರಗೊರ.

"ಸ್ವಲ್ಪ ಗಟ್ಟಿ ಮಾಡು ಗಂಗಮ್ಮ," ಅಂದೆ. "ಆಗ ಮಾಡ್ತಿದ್ದೆಯಲ್ಲ, ರಾಗೀದು — ಹಾಗೆ."

ಅವಳು ಬಟ್ಟಲನ್ನು ಎದೆಗೆ ಒತ್ತಿಕೊಂಡಳು. "ಬ್ಯಾಡಿ ಸಿಸ್ಟರಮ್ಮ. ಒಬ್ರುನ್ನ ಕೊಂದಿದ್ದೇ ಸಾಕು. ಇವ್ಳು ನಮ್ಮವ್ವ."

ಹೇಳಬೇಕಾಗಿದ್ದು ಒಂದೇ ಮಾತು. ನೀನು ಕೊಲ್ಲಲಿಲ್ಲ, ನಾನು. ಅಷ್ಟೇ. ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ಪಕ್ಕದ ಮನೆಯವರು ಮೂರು ಜನ ನಿಂತಿದ್ದರು, ತುಮಕೂರಿನ ಸಿಸ್ಟರಮ್ಮ ಬಂದಿದ್ದಾರೆ ಅಂತ ನೋಡೋಕೆ. ಅವರ ಮುಂದೆ — ಹೇಗೆ — ಅಂತ ನಾನು... "ಈಗ ಹೊಸ ಪದ್ಧತಿ ಬಂದಿದೆ ಗಂಗಮ್ಮ," ಅಂದೆ. "ನಂಗ್ ಹೊಸ್ದೆಲ್ಲ ಬ್ಯಾಡ, ನೀವ್ ಅವತ್ ಹೇಳಿದ್ದೇ ಸಾಕು," ಅಂದಳು. ಅವಳು ಕೊಟ್ಟ ಮಜ್ಜಿಗೆ ಕುಡಿದೆ. ಇನ್ನೊಂದು ಸಲ ಬರುತ್ತೇನೆ ಅಂತ ಎದ್ದು ಬಂದೆ.

ಇನ್ನೊಂದು ಸಲ ಅನ್ನೋದು ಒಂದು ತಿಂಗಳಾಯಿತು. ಕ್ಲಾಸಿಗೆ ಬಂದ ಗುಬ್ಬಿಯ ಹುಡುಗಿ ಹೇಳಿದಳು, ಗಂಗಮ್ಮನ ಅವ್ವ ಹೋದಳಂತೆ, ಎದೆ ಕಟ್ಟಿ ಜ್ವರ ಬಂದಿತ್ತಂತೆ. "ನೋಡಿ ಸಿಸ್ಟರಮ್ಮ, ಹೆತ್ತವ್ವನ್ನೂ ಬಿಡ್ಲಿಲ್ಲ ಆ ಕೈ," ಅಂದಳು. ಗಂಜಿಯಿಂದಲೇ ಸತ್ತಳು ಅಂತ ನಾನು ಹೇಗೆ ಹೇಳಲಿ, ವಯಸ್ಸಾಗಿತ್ತು, ಕಾಯಿಲೆಯಿತ್ತು — ಹೀಗೆ ವಕೀಲರ ಹಾಗೆ ಯೋಚಿಸುತ್ತಲೇ ಬಸ್ ಸ್ಟ್ಯಾಂಡಿಗೆ ನಡೆದೆ.

ಈ ಸಲ ಹೇಳಿದೆ. ಪಕ್ಕದ ಮನೆಯವರನ್ನು ನಾನೇ ಕರೆದು ಕೂರಿಸಿಕೊಂಡು ಹೇಳಿದೆ. ಬಟ್ಟಲು, ಆರು ಚಮಚ, ಗಲ್ಲ ಒತ್ತಿದ್ದು, ಕಾಗದದಲ್ಲಿ ಬರೆದದ್ದು, ಹೂಂ ಅಂದದ್ದು. ಅವಳ ರಾಗಿಯೇ ಸರಿ, ನನ್ನ ಗಂಜಿಯೇ ತಪ್ಪು ಅನ್ನುವುದನ್ನೂ. ಗಂಗಮ್ಮ ಗೋಡೆಗೊರಗಿ ಕೂತು ಕೇಳಿದಳು. ಅವ್ವ ಕೂರುತ್ತಿದ್ದ ಜಾಗ.

"ಹಂಗಾದ್ರೆ ಬೋರಯ್ಯಪ್ಪಂಗೆ ನನ್ ಕೈಯಿಂದ ಏನೂ ಆಗಿರ್ಲಿಲ್ಲ?"

"ಇಲ್ಲ ಗಂಗಮ್ಮ."

ಅಂಗೈ ತಿರುಗಿಸಿ ನೋಡಿಕೊಂಡಳು. ಬೈಯುತ್ತಾಳೆ, ಬೈಯಲಿ ಅಂತ ತಲೆ ಬಗ್ಗಿಸಿ ಕಾದೆ. ಬೈಯಲಿಲ್ಲ.

"ಹತ್ತೊರ್ಸುದ್ದು ಬುಡಿ," ಅಂದಳು. "ಹೋದ್ ತಿಂಗ್ಳು ಇದೇ ಚಾಪೆ ಮ್ಯಾಲೆ ಕೂತಿದ್ರಲ್ಲ. ಮಜ್ಜಿಗೆ ಕುಡುದ್ರಿ. ನಮ್ಮವ್ವ ಕೆಮ್ತಾ ಇದ್ಲು, ನೀವ್ ನೋಡ್ತಾ ಇದ್ರಿ. ಅವತ್ ಯಾಕ್ ಹೇಳ್ಲಿಲ್ಲ?"

ನಾಚಿಕೆಯಾಯಿತು ಅಂತ ಹೇಳಬಹುದು — ಹಾಗಂದರೆ ಅವಳವ್ವನ ಉಸಿರಿಗಿಂತ ನನ್ನ ನಾಚಿಕೆ ದೊಡ್ಡದಾಗಿತ್ತು ಅಂತ ಹೇಳಿದ ಹಾಗಾಗುತ್ತೆ. ಅದೇ ನಿಜ.

ಅವಳು ಒಳಗೆ ಹೋದಳು. ಬಂದಾಗ ಕೈಯಲ್ಲಿ ಆ ಮಲ್ ಬಟ್ಟೆ ಇತ್ತು — ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿದ್ದು. ನಾನು ಹೊಲಿದ ಅಂಚು ಇನ್ನೂ ಬಿಚ್ಚಿರಲಿಲ್ಲ. ತಂದು ನನ್ನ ಮಡಿಲಿಗೆ ಹಾಕಿದಳು.

"ತಗಂಡೋಗಿ. ಇದು ನಿಮ್ದು."

ತಂದಿದ್ದೇನೆ. ನಾಳೆ ಕ್ಲಾಸಿದೆ, ಹದಿನಾಲ್ಕು ಜನ ಬರುತ್ತಾರೆ. ಬಟ್ಟೆಯನ್ನು ಅವರೆದುರು ಮೇಜಿನ ಮೇಲಿಟ್ಟು, ಗಂಗಮ್ಮನ ಹೆಸರು ಹೇಳಿ, ಇಲ್ಲಿ ಬರೆದದ್ದನ್ನೆಲ್ಲ ಮೊದಲ ಸಾಲಿನಿಂದ ಓದುತ್ತೇನೆ.